ಹೊತ್ತು ಮುಳುಗಿಸಿದ ಅಕಲಂಕ

ಬಸ್ತಿಹಳ್ಳಿಯ ಅಕಲಂಕ ಬೆಳಿಗ್ಗೆ ತಿಂಡಿಗೂ ಏಳದೆ ಕಂಪ್ಯೂಟರಿಗೆ, ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನ ಹೊಸ ಆವೃತ್ತಿ ಹಾಕಿಕೊಂಡ. ಎಡವಟ್ಟಾದದ್ದು ಅಲ್ಲೇ.

ಕೊಬ್ಬರಿ ವ್ಯಾಪಾರದ ಬಿಡುವಿನಲ್ಲಿ ಅವನು ಬರೆದ ಪ್ರೋಗ್ರಾಂ ಕೇರಿಯ ಜೈನರ ಮನೆಗಳಿಗೆಲ್ಲ ದಿನವೂ ಸಂಜೆ ಮೆಸೇಜು ಕಳಿಸುತ್ತಿತ್ತು: 'ಸೂರ್ಯಾಸ್ತವಾಯಿತು. ಊಟ ನಿಲ್ಲಿಸಿ.' ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ. ಬರಬರುತ್ತಾ ಜನ ಆಕಾಶ ನೋಡುವುದನ್ನೇ ಬಿಟ್ಟು ಮೊಬೈಲು ನೋಡತೊಡಗಿದ್ದರು.

ಹೊಸ ಪೈಥಾನ್‌ನಲ್ಲಿ ಸೂರ್ಯನ ಲೆಕ್ಕ ಹಾಕುವ ಸಿದ್ಧ ಕೋಡಿನ ಗಂಟು, ಅಂದರೆ ಲೈಬ್ರರಿ, ಇಲ್ಲ, ಮೆಸೇಜು ಕಳಿಸುವ ಲೈಬ್ರರಿಯೂ ಇಲ್ಲ. ಎಲ್ಲ ಹಳೆಯದರಲ್ಲೇ ಉಳಿದಿದ್ದವು. ಬಾಡಿಗೆ ಮನೆ ಬದಲಿಸಿದ ದಿನ ಕಾಫಿ ಲೋಟ ಹುಡುಕುವವನಂತೆ ಅಕಲಂಕ ಕಕ್ಕಾಬಿಕ್ಕಿಯಾದ.

ಪಕ್ಕದ ಮನೆಯ ಶ್ರೀಪಾಲ್ ಬಗ್ಗಿ ನೋಡಿದ. "ಇದಕ್ಕೆ ತಲೆ ಕೆಡಿಸ್ಕೋತಾರೇನೋ? ನಾನು ಅಂಗಡಿ ಬದಲಾಯಿಸ್ದಾಗ ಎಲ್ಲಾನೂ ಟ್ರ್ಯಾಕ್ಟರಿಗೆ ತುಂಬ್ಕೊಂಡು ಬರ್ಲಿಲ್ವಾ? ಹಳೇದ್ರಿಂದ ಎತ್ತಿ ಹೊಸದಕ್ಕೆ ಸುರಿ!"

ಸುರಿದ. ಅಂಗಳದಲ್ಲಿ ಒಣಗಲು ಹರವಿದ ಮೆಣಸಿನಕಾಯಿಯಂತೆ ಪರದೆಯ ತುಂಬ ಕೆಂಪು ಅಕ್ಷರಗಳು.

ಹಾಸನದಲ್ಲಿ ಓದುತ್ತಿದ್ದ ಮಗಳು ಸಿದ್ಧಿಗೆ ಫೋನು ಮಾಡಿದ. "ಅಪ್ಪಾ, ಹಂಗೆಲ್ಲ ಹೊತ್ಕೊಂಡು ಹೋಗಕ್ಕಾಗಲ್ಲ. ಹಳೇದು ಹೊಸದಕ್ಕೆ ಹೊಂದಲ್ಲ. ಏನೇನಿತ್ತು ಅಂತ ಹೆಸರು ನೋಡ್ಕೊಂಡು, ಒಂದೊಂದನ್ನೂ ನೆಟ್‌ನಿಂದ ಹೊಸದಾಗಿ ತರಿಸ್ಕೋ."

ಮದುವೆಗೆ ಬರುವ ಬೀಗರಂತೆ ಲೈಬ್ರರಿಗಳು ನಿಧಾನವಾಗಿ ಬಂದವು. ಒಂದು ಬಂದರೆ ಇನ್ನೊಂದು ಮುನಿಸಿಕೊಂಡಿತು. ಮಧ್ಯಾಹ್ನದ ಊಟವೂ ತಪ್ಪಿತು.

"ರೀ, ಮುದ್ದೆ, ಹೆಸರುಕಾಳು ಸಾರು. ಹೊತ್ತು ಇಳೀತಿದೆ, ಏಳ್ರೀ," ಎಂದಳು ಹೆಂಡತಿ ರಾಜಮತಿ.

"ಇದೊಂದು ಬಂದ್ಬಿಡ್ಲಿ ಕಣೇ."

ಕೊನೆಯದೂ ಬಂತು. ಅಕಲಂಕ ಗುಂಡಿ ಒತ್ತಿದ. ಜೇಬಿನಲ್ಲಿ ಮೊಬೈಲು ಟಿಂಗ್ ಎಂದಿತು. "ಬಂತು! ಬಂತು!" ಎಂದು ಕೈ ತೊಳೆದು ಅಡುಗೆಮನೆಗೆ ಓಡಿದ. ರಾಜಮತಿ ಪಾತ್ರೆಗಳಿಗೆ ಮುಚ್ಚಳ ಹಾಕುತ್ತಿದ್ದಳು.

"ಯಾಕೆ ಮುಚ್ತಿದ್ದೀಯೇ?"

"ಸೂರ್ಯಾಸ್ತ ಆಯ್ತು ಅಂತ ನಿಮ್ಮದೇ ಮೆಸೇಜು ಬಂತಲ್ಲ!"

ತನಗೊಬ್ಬನಿಗೆ ಕಳಿಸಿ ನೋಡಬೇಕಿದ್ದದ್ದು ಹಸಿವಿನ ಭರದಲ್ಲಿ ಕೇರಿಗೆಲ್ಲ ಹೋಗಿತ್ತು!

"ಅಯ್ಯೋ, ಅದು ಟ್ರಯಲ್ಲು! ಬಸದಿ ಗೋಡೆ ಮೇಲೆ ಬಿಸಿಲು ನೋಡೇ!"

ಅಷ್ಟರಲ್ಲಿ ಶ್ರೀಪಾಲ್ ಎಂಜಲು ಕೈಯಲ್ಲೇ ನುಗ್ಗಿದ. ಹಿಂದೆ ಅರ್ಧ ಕೇರಿ. "ತುತ್ತು ಬಾಯಿಗಿಡೋಷ್ಟರಲ್ಲಿ ತಟ್ಟೆ ಬಿಟ್ಟು ಏಳಂಗೆ ಮಾಡ್ದಲ್ಲೋ!"

ಅಕಲಂಕ ಆವೃತ್ತಿ, ಲೈಬ್ರರಿ, ಟ್ರಯಲ್ಲು ಎಲ್ಲ ವಿವರಿಸಿದ. ಒಬ್ಬರಿಗೆ ತಿಳಿಯುವಷ್ಟರಲ್ಲಿ ಇನ್ನೊಬ್ಬರು ಮೊದಲಿನಿಂದ ಕೇಳಿದರು.

"ಅಂದ್ರೆ, ಇನ್ನೂ ಉಣ್ಬೋದಾ?" ಎಂದ ಶ್ರೀಪಾಲ್ ಕೊನೆಗೆ.

"ಉಣ್ಬೋದು ಮಾರಾಯ!"

ಎಲ್ಲರೂ ಮನೆಗೆ ಓಡಿದರು. ರಾಜಮತಿ ಅವಸರದಲ್ಲಿ ಬಡಿಸಿದಳು. ಅಕಲಂಕ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿ ತೆರೆದ.

ಜೇಬಿನಲ್ಲಿ ಟಿಂಗ್ ಎಂದಿತು.

ರಾಜಮತಿ ಕಿಟಕಿಯಾಚೆ ನೋಡಿದಳು. ಬಸದಿ ಗೋಡೆಯ ಮೇಲೆ ಬಿಸಿಲಿರಲಿಲ್ಲ. ಮೆಲ್ಲಗೆ ತಟ್ಟೆ ಸರಿಸಿದಳು.

"ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ."