ಚಿಕ್ಕಪ್ಪನ ಅಂಗಳದ ತಿಮಿಂಗಿಲ

ಕಾಶಿಯಲ್ಲಿ ಹೆಣ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ನಾಲ್ಕು ಹಲಗೆ ಬಂದರೆ ಮಾತ್ರ ಇಡೀ ಗಲ್ಲಿಗೇ ಅನುಮಾನ. ಕಲಾವಿದೆಯಾದ ನನಗೆ ಇದು ದಿನನಿತ್ಯದ ಅನುಭವ. ಹಳೆಯ ಕಡಲ ಕಥೆಗಳನ್ನು ಓದಿ ತಲೆ ಕೆಡಿಸಿಕೊಂಡು, ಅಸ್ಸಿ ಘಾಟಿನ ಬಳಿಯ ಚಿಕ್ಕಪ್ಪನ ಅಂಗಳದಲ್ಲಿ ಮುರುಕು ದೋಣಿಯ ಹಲಗೆಗಳಿಂದ ತಿಮಿಂಗಿಲದ ಅಸ್ಥಿಪಂಜರ ಕಟ್ಟುತ್ತಿದ್ದೆ. ಜನ ಅದರ ಹೊಟ್ಟೆಯೊಳಗೆ ಓಡಾಡಬೇಕು, ಅಷ್ಟು ದೊಡ್ಡದು. ನನ್ನ ಮೊದಲ ಪ್ರದರ್ಶನ. ಒಂದು ದಿನವಾದರೂ ನಿಂತರೆ ಸಾಕಿತ್ತು.

ಅಂಬಿಗ

ಹಲಗೆ ಮಾರಿದ ಅಂಬಿಗನೇ ಮೊದಲು ಬಂದ.

"ದೀದಿ, ಮೋಟರ್ ಎಲ್ಲಿ ಕೂರಿಸ್ತೀರಿ?"

"ದೋಣಿ ಅಲ್ಲ ಭಯ್ಯಾ, ತಿಮಿಂಗಿಲ. ಕಥೆಯಲ್ಲಿ ಹಡಗನ್ನೇ ಮುಳುಗಿಸುತ್ತೆ."

ಅವನು ತನ್ನ ದೋಣಿ ಕಟ್ಟಿದ್ದ ಕಡೆ ನೋಡಿ ಕೇಳಿದ: "ಗಂಗೆಗೆ ಬಿಡಲ್ಲ ತಾನೇ?"

ಪೊಲೀಸ್

ಯಾರೋ ಚಾಡಿ ಹೇಳಿದ್ದರಿಂದ ಪೊಲೀಸಿನವರೊಬ್ಬರು ಬಂದು ಪಕ್ಕೆಲುಬುಗಳನ್ನು ತಟ್ಟಿ ನೋಡಿದರು.

"ಒಳಗೆ ಏನಿದೆ?"

"ಏನೂ ಇಲ್ಲ ಸಾಹೇಬ್ರೇ. ತಿಮಿಂಗಿಲದ ಬೆನ್ನು ಹತ್ತಿದ ಮನುಷ್ಯನ ಹಟ ಎಷ್ಟು ದೊಡ್ಡದು, ಒಳಗೆ ಎಷ್ಟು ಖಾಲಿ ಅಂತ ತೋರಿಸ್ತಿದ್ದೀನಿ."

"ಯಾವ ಮನುಷ್ಯ? ಹೆಸರು ಹೇಳಿ."

ಚಿಕ್ಕಪ್ಪ

ಚಿಕ್ಕಪ್ಪ ಕರ್ನಾಟಕದ ಯಾತ್ರಿಕರಿಗೆ ದಶಾಶ್ವಮೇಧ ಘಾಟಿನಲ್ಲಿ ಪೂಜೆ, ಶ್ರಾದ್ಧ ಮಾಡಿಸುವ ಪುರೋಹಿತರು. ಏನೋ ಚಪ್ಪರ ಅಂದುಕೊಂಡು ಸುಮ್ಮನಿದ್ದರು. ಪ್ರದರ್ಶನದ ಹಿಂದಿನ ದಿನ ನಾನು ಬಾಲ ಜೋಡಿಸಿದ್ದೇ ತಡ, ಹೌಹಾರಿದರು.

"ಏನೇ, ಇದು ಮೀನಿನ ಮೂಳೆ ಅಲ್ವೇನೇ?"

"ಮರ, ಚಿಕ್ಕಪ್ಪ."

"ಮರದ್ದೇ ಆಗಲಿ, ಪುರೋಹಿತರ ಅಂಗಳದಲ್ಲಿ ಮೀನಿನ ಮೂಳೆ! ಬೆಳಿಗ್ಗೆ ಮೈಸೂರಿನ ಯಾತ್ರಿಕರು ಮನೆಗೇ ಬರ್ತಾರೆ. ಏನಂದ್ಕೋತಾರೆ? ಕಿತ್ತು ಹಾಕು."

ನನಗೆ ಅಳುವೇ ಬಂತು. ಕಡೆಗೆ ಚಿಕ್ಕಮ್ಮನೇ ರಾಜಿ ಮಾಡಿಸಿದರು. "ಅವರು ಹೋಗೋವರೆಗೆ ಪಂಚೆ, ಸೀರೆ ಹೊದಿಸಿಡೇ. ಕೇಳಿದ್ರೆ ಬಟ್ಟೆ ಒಣಗ್ತಿದೆ ಅಂದ್ರಾಯ್ತು."

ಮೈಸೂರಿನವರು

ಬೆಳಿಗ್ಗೆ ನಾನು ಕಂಟೋನ್ಮೆಂಟಿನ ಹೋಟೆಲಿನಿಂದ ಪ್ರದರ್ಶನದ ಅತಿಥಿಗಳನ್ನು ಕರೆದುಕೊಂಡು ಬರುವಷ್ಟರಲ್ಲಿ ಗಾಳಿಗೆ ಪಂಚೆ, ಸೀರೆಗಳೆಲ್ಲ ಹಾರಿಹೋಗಿದ್ದವು. ಯಾತ್ರಿಕರು ತಿಮಿಂಗಿಲದ ಮುಂದೆ ಅಡ್ಡಬಿದ್ದಿದ್ದರು. ಬಾಯಿಗೆ ಚೆಂಡುಹೂವಿನ ಹಾರ, ಬಾಲಕ್ಕೆ ಅರಿಶಿನ ಕುಂಕುಮ.

"ಮತ್ಸ್ಯಾವತಾರ ಎಷ್ಟು ಲಕ್ಷಣವಾಗಿದೆ ಸ್ವಾಮಿ!" ಎಂದು ಅಜ್ಜಿಯೊಬ್ಬರು ಕೈಮುಗಿದರು. ಹೊಟ್ಟೆಯೊಳಗೆ ಮಣೆ ಹಾಕಿಕೊಂಡು ಕೂತಿದ್ದ ಚಿಕ್ಕಪ್ಪ ಕಣ್ಣು ಮುಚ್ಚಿ ಸಂಕಲ್ಪ ಹೇಳಿಸುತ್ತಿದ್ದರು.

ಅತಿಥಿಗಳಿಗೆ ವಿವರಿಸೋಣವೆಂದು ನಾನು ಪಕ್ಕೆಲುಬಿನ ಮೇಲೆ ಕೈ ಇಡಲು ಹೋದೆ. ಚಿಕ್ಕಪ್ಪ ಒಂದು ಕಣ್ಣು ಬಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸ್ನಾನ ಆಯ್ತೇನೇ? ಇಲ್ದಿದ್ರೆ ಮುಟ್ಟಬೇಡ."