ತಾನಾಗಿ ನಡೆಯುವ ಬೀಳ್ಕೊಡುಗೆ

ತೂಕ ಮತ್ತು ಅಳತೆ ಪರೀಕ್ಷಾ ಕಚೇರಿಯ ತಕ್ಕಡಿ ಪರೀಕ್ಷಕನು ಮಂಗಳವಾರ ಬೆಳಿಗ್ಗೆ, ತನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಸುದೀರ್ಘ ಹಾಗೂ ಕಳಂಕರಹಿತ ಸೇವೆಯ ನಂತರ ನಿವೃತ್ತನಾದನು. ಆ ಹೊತ್ತಿಗೆ ಅವನು ಕಿರಾಣಿ ಅಂಗಡಿಯೊಂದರ ತಕ್ಕಡಿಯನ್ನು ಪರೀಕ್ಷಿಸುತ್ತಿದ್ದ. ತಕ್ಕಡಿಯಲ್ಲಿ ದೋಷವಿತ್ತು. ನಿವೃತ್ತಿಯಲ್ಲಿ ಇರಲಿಲ್ಲ.

ಹಿನ್ನೆಲೆ ಸರಳ. ಕಚೇರಿಯ ಎಲ್ಲ ಸಿಬ್ಬಂದಿಯ ಹೆಸರುಗಳಿದ್ದ ಒಂದು ಸ್ಪ್ರೆಡ್‌ಶೀಟ್ ಕಡತವಿತ್ತು. ಹಿಂದಿನ ಅಧೀಕ್ಷಕರೊಬ್ಬರು ಅದರೊಳಗೆ ಒಂದು ಮ್ಯಾಕ್ರೊ ಬರೆದಿಟ್ಟು ಹೋಗಿದ್ದರು. ಮ್ಯಾಕ್ರೊ ಎಂದರೆ, ಒಮ್ಮೆ ಬರೆದಿಟ್ಟರೆ ಹೇಳಿದ ಕೆಲಸಗಳನ್ನು ಒಂದರ ಹಿಂದೊಂದು ಮಾಡಿ ಮುಗಿಸುವ ಆದೇಶಗಳ ಸಾಲು. ಆ ಕಚೇರಿಯಲ್ಲಿ ಈ ಗುಣ ಬೇರೆ ಯಾರಲ್ಲೂ ಇರಲಿಲ್ಲ. ಕಡತ ತೆರೆದೊಡನೆ ಅದು ಪಟ್ಟಿಯಲ್ಲಿ ಇನ್ನೂ ಬೀಳ್ಕೊಡದ ಮೊದಲ ಹೆಸರನ್ನು ಹಿಡಿಯುತ್ತಿತ್ತು. ಆ ವ್ಯಕ್ತಿಯ ಗುರುತಿನ ಚೀಟಿಯ ಫೋಟೋ ಹಾಕಿ ಬೀಳ್ಕೊಡುಗೆಯ ಸ್ಲೈಡುಗಳನ್ನು ತಯಾರಿಸಿ ಸಂಗೀತದೊಂದಿಗೆ ಸಭಾಂಗಣದ ಪರದೆಯ ಮೇಲೆ ಓಡಿಸುತ್ತಿತ್ತು. ನಿವೃತ್ತಿ ಆದೇಶವನ್ನು ಎಲ್ಲರಿಗೂ ಕಳಿಸಿ, ಹೆಸರಿನ ಮುಂದೆ ‘ಬೀಳ್ಕೊಡಲಾಗಿದೆ’ ಎಂದು ಬರೆದು, ಕಡತವನ್ನು ತಾನೇ ಮುಚ್ಚುತ್ತಿತ್ತು. ಪಟ್ಟಿ ವಯಸ್ಸಿನ ಪ್ರಕಾರ ಇದ್ದುದರಿಂದ ಮೊದಲ ಹೆಸರು ಯಾವಾಗಲೂ ಹಿರಿಯರದೇ. ಮೇಲಾಗಿ, ಇಷ್ಟೆಲ್ಲ ಮಾಡುವ ಮೊದಲು ಪರದೆಯ ನೆತ್ತಿಯಲ್ಲಿ ಒಂದು ಹಳದಿ ಪಟ್ಟಿ ಮೂಡಿ, ‘ಈ ಕಡತದಲ್ಲಿ ಮ್ಯಾಕ್ರೊ ಇದೆ, ನಡೆಸಲೇ?’ ಎಂದು ಕೇಳುತ್ತಿತ್ತು. ಬೇಡವೆಂದರೆ ಕಡತ ಸುಮ್ಮನೆ ತೆರೆದುಕೊಳ್ಳುತ್ತಿತ್ತು.

ಕಳೆದ ತಿಂಗಳು ಉಗ್ರಾಣದ ಹಿರಿಯರ ಬೀಳ್ಕೊಡುಗೆಯಲ್ಲಿ ಈ ಪ್ರಶ್ನೆ ಮುಖ್ಯ ಅತಿಥಿಗಳ ಎದುರಿಗೇ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಈಗಿನ ಅಧೀಕ್ಷಕಿಗೆ ಮೌಸ್ ಸಿಗಲಿಲ್ಲ. ಅದು ಬಿಸ್ಕತ್ತಿನ ತಟ್ಟೆಯ ಕೆಳಗಿತ್ತು. ಅಷ್ಟು ಹೊತ್ತೂ ಅತಿಥಿಗಳು ‘ನಡೆಸಲೇ?’ ಎಂಬುದನ್ನು ಓದುತ್ತ ಕುಳಿತರು. ನಿರ್ದೇಶಕರಿಗೆ ಮುಖಭಂಗವಾಯಿತು. ಅವರು ಸುತ್ತೋಲೆ ಹೊರಡಿಸಿದರು:

‘ಯಂತ್ರವು ಅಧಿಕಾರಿಗಳನ್ನು ಪ್ರಶ್ನಿಸತಕ್ಕದ್ದಲ್ಲ. ಇನ್ನು ಮುಂದೆ ಸದರಿ ಕಚೇರಿಯ ಸಮಸ್ತ ಮ್ಯಾಕ್ರೊಗಳು ಯಾರನ್ನೂ ಕೇಳದೆ ತಾವಾಗಿಯೇ ನಡೆಯತಕ್ಕದ್ದು. ಕೇಳುವುದನ್ನು ಅವಿಧೇಯತೆ ಎಂದು ಪರಿಗಣಿಸಲಾಗುವುದು.’

ಕಂಪ್ಯೂಟರ್ ನೋಡಿಕೊಳ್ಳಲು ಹೊರಗಿನಿಂದ ಬರುತ್ತಿದ್ದ ಮೆಕ್ಯಾನಿಕ್ ಒಮ್ಮೆ ತಡೆದು ನೋಡಿದ. “ಸಾರ್, ಆ ಪ್ರಶ್ನೆ ಇರೋದೇ ನಿಮ್ಮನ್ನ ಕಾಪಾಡೋಕೆ.”

“ನನ್ನನ್ನ ಕಾಪಾಡೋಕೆ ಗೇಟಲ್ಲಿ ವಾಚ್‌ಮನ್ ಇದಾನೆ ಕಣಯ್ಯಾ. ನೀನು ಹೇಳಿದ್ದು ಮಾಡು.”

ಅವನು ಹೇಳಿದ್ದು ಮಾಡಿದ.

ಸುತ್ತೋಲೆ ಸಹಿಯಾಗಿ ಬರುವಷ್ಟರಲ್ಲಿ ಕಚೇರಿಗೆ ಹೊಸ ಕುರ್ಚಿಗಳು ಬಂದಿದ್ದವು. ಕುರ್ಚಿ ಹಂಚಲು ಅನುಕೂಲವಾಗಲೆಂದು ಅಧೀಕ್ಷಕಿ ಅದೇ ಪಟ್ಟಿಯನ್ನು ಮೇಜುಗಳ ಪ್ರಕಾರ, ಮುಂಬಾಗಿಲಿನಿಂದ ಒಳಕ್ಕೆ, ಜೋಡಿಸಿ ಉಳಿಸಿಟ್ಟಿದ್ದರು. ಭಾರದ ತಕ್ಕಡಿಗಳನ್ನು ಒಳಗೆ ಹೊರುವುದು ಕಷ್ಟವೆಂದು ಪರೀಕ್ಷಕನ ಮೇಜನ್ನು ಬಾಗಿಲ ಪಕ್ಕದಲ್ಲೇ ಹಾಕಿದ್ದರು. ಮಂಗಳವಾರ ಒಂದು ಕುರ್ಚಿ ಕಡಿಮೆ ಬಿತ್ತು. ಯಾರದೆಂದು ನೋಡಲು ಅಧೀಕ್ಷಕಿ ಕಡತ ತೆರೆದರು. ಯಂತ್ರ ಏನನ್ನೂ ಕೇಳಲಿಲ್ಲ.

ಸಭಾಂಗಣದಲ್ಲಿ ಬೀಳ್ಕೊಡುಗೆಯ ಸಂಗೀತ ಕೇಳಿದರೆ ಹೋಗಿ ಚಪ್ಪಾಳೆ ತಟ್ಟುವುದು ಅಲ್ಲಿಯ ಪದ್ಧತಿ. ಯಾರದೆಂದು ನೋಡುವುದು ಆಮೇಲೆ. ಪರೀಕ್ಷಕನೂ ಹೋಗಿ ತಟ್ಟಿದ. ಪರದೆಯ ಮೇಲೆ ಅವನದೇ ಫೋಟೋ. ಕೆಳಗೆ: ‘ತಲೆ ನರೆತರೂ ಇವರ ಉತ್ಸಾಹ ನರೆಯಲಿಲ್ಲ.’ ಮುಂದಿನ ಸ್ಲೈಡು: ‘ಇನ್ನಾದರೂ ಮೊಮ್ಮಕ್ಕಳೊಂದಿಗೆ ನೆಮ್ಮದಿಯಿಂದ ಕಾಲ ಕಳೆಯಲಿ.’

“ಮೇಡಂ, ನನಗಿನ್ನೂ ಮದುವೇನೇ ಆಗಿಲ್ಲ.”

“ಅಯ್ಯೋ, ಗೊತ್ತು ಕಣಪ್ಪಾ. ಎಲ್ಲೋ ಏನೋ ತಪ್ಪಾಗಿದೆ. ಮೊದಲು ಗಡಿಯಾರ ತಗೋ, ಆಮೇಲೆ ನೋಡೋಣ.”

ನಿವೃತ್ತರಿಗೆ ಗೋಡೆ ಗಡಿಯಾರ ಕೊಡುವುದು ನಿಯಮ. ನಿರ್ದೇಶಕರ ಭಾವಮೈದುನನ ಅಂಗಡಿಯಿಂದ ಸಗಟಿಗೆ ತಂದ ಗಡಿಯಾರಗಳು ಒಂದು ಕೋಣೆಯ ತುಂಬ ಇದ್ದವು. ಪರೀಕ್ಷಕ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ನಿರ್ದೇಶಕರ ಕೋಣೆಗೆ ಹೋದ.

ಅವನ ಅವಸರಕ್ಕೆ ಕಾರಣವಿತ್ತು. ಹಿಂದಿನ ಭಾನುವಾರವಷ್ಟೇ ಅವನಿಗೊಂದು ಸಂಬಂಧ ಕುದುರಿತ್ತು. ಹುಡುಗಿ ಒಪ್ಪಿದ್ದಳು, ಅವನು ಅವಳಿಗಿಂತ ಮೊದಲೇ ಒಪ್ಪಿದ್ದ. ಹುಡುಗಿಯ ತಂದೆ ರೈಲಿನ ಗಾರ್ಡ್. ಅವರು ಮಾತ್ರ ಒಂದು ಷರತ್ತು ಹಾಕಿದ್ದರು.

“ಹುಡುಗನ್ನ ಮನೇಲಿ ನೋಡಿದ್ರೆ ಏನ್ ತಿಳಿಯುತ್ತೆ? ಮನೇಲಿ ಎಲ್ರೂ ಒಳ್ಳೇವ್ರೇ. ಕುರ್ಚೀಲಿ ಕೂತಿರೋದು ನೋಡ್ಬೇಕು. ಶುಕ್ರವಾರ ಕಚೇರಿಗೇ ಬರ್ತೀನಿ. ನಮ್ಮ ದೊಡ್ಡ ಅಳಿಯ ಮೂರು ಕೆಲಸ ಕಳ್ಕೊಂಡ ನೋಡಿ, ಈಗ ನಮ್ಮನೆ ಸೋಫಾದಲ್ಲಿ ಪರ್ಮನೆಂಟು.”

ಪರೀಕ್ಷಕನ ತಾಯಿ ಅಂದಿನಿಂದ ಅವನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿಡುತ್ತಿದ್ದರು.

ನಿರ್ದೇಶಕರು ಆದೇಶವನ್ನು ಎರಡು ಸಲ ಓದಿದರು. “ಆದೇಶ ಕ್ರಮಬದ್ಧವಾಗಿದೆಯಲ್ಲ.”

“ಸಾರ್, ನನಗೆ ಇಪ್ಪತ್ತೊಂಬತ್ತು.”

“ಅದು ನಿಮ್ಮ ವೈಯಕ್ತಿಕ ವಿಷಯ. ಇರಲಿ, ತಪ್ಪಾಗಿದ್ರೆ ತಿದ್ದೋಣ. ಮೇಡಂ, ಕಡತ ತೆಗೆದು ಆ ‘ಬೀಳ್ಕೊಡಲಾಗಿದೆ’ ಅಳಿಸಿಬಿಡಿ.”

ಅಧೀಕ್ಷಕಿ ಕಡತ ತೆರೆದರು. ಸಂಗೀತ ಕೇಳಿತು. ಎಲ್ಲರೂ ಹೋಗಿ ಚಪ್ಪಾಳೆ ತಟ್ಟಿದರು. ಪರೀಕ್ಷಕನ ಪಕ್ಕದ ಮೇಜಿನ ದಾಖಲೆ ಗುಮಾಸ್ತ ನಿವೃತ್ತನಾಗಿದ್ದ.

ಗುಮಾಸ್ತ ಮುಂಗೋಪಿ. “ನನ್ನದನ್ನ ನಾನೇ ತಿದ್ಕೋತೀನಿ, ಬಿಡಿ ಇಲ್ಲಿ!” ಎಂದು ಅಧೀಕ್ಷಕಿಯ ಕೈಯಿಂದ ಮೌಸ್ ಕಿತ್ತುಕೊಂಡು ಕಡತ ತೆರೆದ. ಟೈಪಿಸ್ಟ್ ನಿವೃತ್ತಳಾದಳು. ಟೈಪಿಸ್ಟ್ ಅತ್ತುಕೊಂಡು ಬಂದು ಕಡತ ತೆರೆದಳು. ಮರದ ಅಳತೆಗೋಲುಗಳ ಪರೀಕ್ಷಕ ನಿವೃತ್ತನಾದ. ಅವನು ಮಾತ್ರ ಗಡಿಯಾರ ತೆಗೆದುಕೊಂಡು, “ಒಳ್ಳೇದೇ ಆಯ್ತು,” ಎಂದು ಟೀ ಕುಡಿಯಲು ಹೋದ.

ಮೆಕ್ಯಾನಿಕ್‌ನನ್ನು ಕರೆಸಿದರು. “ಐದು ನಿಮಿಷದ ಕೆಲಸ ಸಾರ್. ಆ ಪ್ರಶ್ನೆ ಮತ್ತೆ ಕೇಳೋ ಹಾಗೆ ಮಾಡ್ತೀನಿ. ಬೇಡ ಅಂತ ಒತ್ತಿ, ಒಳಗೆ ಹೋಗಿ, ಅಳಿಸಿ. ಮುಗೀತು.”

“ಅಂದ್ರೆ ಯಂತ್ರ ಮತ್ತೆ ನನ್ನನ್ನ ಪ್ರಶ್ನೆ ಕೇಳುತ್ತೆ.”

“ಒಂದೇ ಒಂದು ಸಲ ಸಾರ್.”

“ಒಂದೇ ಸಲ ಅಂತಾನೇ ಎಲ್ಲ ಶುರುವಾಗೋದು. ನನ್ನ ಸುತ್ತೋಲೆ ನಾನೇ ನುಂಗಿದ್ರೆ ನಾಳೆ ನಿಮ್ಮಲ್ಲಿ ಯಾರು ನನ್ನ ಮಾತು ಕೇಳ್ತೀರಿ?” ನಿರ್ದೇಶಕರು ಪರೀಕ್ಷಕನತ್ತ ತಿರುಗಿದರು. “ನೀವೇ ಹೇಳ್ರೀ, ನೀವು ಅನುಭವಸ್ಥರು, ನಿವೃತ್ತರು.”

ಅಂದು ಸಂಜೆ ಹೊಸ ನಿಯಮಗಳು ಬಂದವು. ನಿವೃತ್ತರು ಹಳೆಯ ನೆನಪಿಗಾಗಿ ಕಚೇರಿಗೆ ಬರಬಹುದು. ಬಂದವರು ಕುರ್ಚಿಯಲ್ಲಿ ಕೂರತಕ್ಕದ್ದಲ್ಲ, ಸಂದರ್ಶಕರ ಬೆಂಚಿನಲ್ಲಿ ಕೂರತಕ್ಕದ್ದು. ಬೇಸರ ಕಳೆಯಲು ತಮ್ಮ ಹಿಂದಿನ ಕೆಲಸವನ್ನು ಪೂರ್ತಿ ಮಾಡಬಹುದು. ಸಂಬಳದ ಕಡತ ಬೇರೆಯೇ ಇತ್ತು. ಅದಕ್ಕೂ ಈ ಕಡತಕ್ಕೂ ಮಾತುಕತೆ ಇರಲಿಲ್ಲವಾದ್ದರಿಂದ ಸಂಬಳ ಎಂದಿನಂತೆ ಬರುವುದಿತ್ತು. ಆ ವಿಷಯವನ್ನು ಯಾರೂ ಎತ್ತಲಿಲ್ಲ.

ಮನೆಯಲ್ಲಿ ತಾಯಿ ಗಡಿಯಾರ ನೋಡಿ ಕೇಳಿದರು. “ಏನೋ ಇದು, ಬಹುಮಾನ ಬಂತಾ?”

“ನಿವೃತ್ತಿ ಆಯ್ತಮ್ಮ. ಇನ್ಮೇಲೆ ಬೆಂಚಲ್ಲಿ ಕೂರ್ಬೇಕಂತೆ.”

“ತಮಾಷೆ ಮಾಡಬೇಡ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರೆ, ಹಾಗಾಯ್ತು ನಿಂದು. ಶುಕ್ರವಾರ ಅವರು ಬಂದಾಗ ಬೆಂಚಲ್ಲಿ ಕೂತಿರ್ತೀಯಾ? ಬಸ್ ಕಾಯೋರ ಹಾಗೆ?”

ಅವನು ಇಸ್ತ್ರಿ ಮಾಡಿದ ಅಂಗಿಗಳಲ್ಲಿ ಶುಕ್ರವಾರಕ್ಕೊಂದನ್ನು ಆರಿಸಿಟ್ಟು ಮಲಗಿದ.

ಬುಧವಾರ ಕಚೇರಿಯ ನೋಟವೇ ಬದಲಾಗಿತ್ತು. ಬಾಗಿಲಿನಿಂದ ಒಳಕ್ಕೆ ಸರದಿ ಬರುತ್ತಿದೆಯೆಂದು ತಿಳಿದವರೆಲ್ಲ ಮೇಜು ಕುರ್ಚಿಗಳನ್ನು ಒಳಗೊಳಗೆ ಎಳೆದುಕೊಂಡಿದ್ದರು. ಪಟ್ಟಿ ಆಗಲೇ ಬರೆದಾಗಿದೆ, ಎಳೆದು ಪ್ರಯೋಜನವಿಲ್ಲ ಎಂದು ಪರೀಕ್ಷಕ ಬೆಂಚಿನಿಂದಲೇ ಹೇಳಿದ. ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಸಿಬ್ಬಂದಿ ನಿರ್ದೇಶಕರ ಬಾಗಿಲಿಗೆ ಒತ್ತಿಕೊಂಡು, ಮೊಣಕೈಗೆ ಮೊಣಕೈ ತಾಗಿಸಿ ಕೆಲಸ ಮಾಡುತ್ತಿತ್ತು. ಮುಂದಿನ ಹಜಾರ ಖಾಲಿ. ತಕ್ಕಡಿ ಹೊತ್ತು ತಂದ ಅಂಗಡಿಯವರು ಕಚೇರಿ ಮುಚ್ಚಿದೆಯೆಂದು ತಿರುಗಿ ಹೋದರು.

ಆದರೆ ಕಡತ ತೆರೆಯುವುದು ನಿಲ್ಲಲಿಲ್ಲ. ನಿವೃತ್ತರಾದವರಿಗೆಲ್ಲ ತಮ್ಮ ಹೆಸರೊಂದನ್ನು ಹೇಗಾದರೂ ತಿದ್ದಿಬಿಡಬಹುದೆಂಬ ನಂಬಿಕೆ. ಒಬ್ಬ ಬಹಳ ಬೇಗ ತೆರೆದು ನೋಡಿದ. ಒಬ್ಬಳು ಬಹಳ ನಿಧಾನವಾಗಿ ತೆರೆದು ನೋಡಿದಳು. ಇನ್ನೊಬ್ಬ ಪರದೆಯ ಪ್ಲಗ್ ಕಿತ್ತು ತೆರೆದ. ಸಂಗೀತ ಬರಲಿಲ್ಲ, ಆದೇಶ ಬಂತು. ಗುರುವಾರ ಅಧೀಕ್ಷಕಿಯೇ ನಿವೃತ್ತರಾದರು. ‘ಮಿತಭಾಷಿ’ ಎಂದು ಸ್ಲೈಡಿನಲ್ಲಿತ್ತು. ಅದನ್ನು ಓದಿ ಅವರು ಊಟದ ಬಿಡುವು ಮುಗಿಯುವವರೆಗೂ ಮಾತಾಡಿದರು.

ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ಎಲ್ಲರೂ ಕಡತದಿಂದ ದೂರ ನಿಂತರು. ಆಗ ನಿರ್ದೇಶಕರು ಕೋಣೆಯಿಂದ ಹೊರಗೆ ಬಂದು, “ನಿಮ್ಮ ಕೈಲಿ ಆಗದ ಕೆಲಸ ಇದು. ಯಂತ್ರಕ್ಕೆ ಅಧಿಕಾರ ಅಂದ್ರೆ ಏನು ಅಂತ ಗೊತ್ತಿರ್ಬೇಕು, ಸರಿಯಿರಿ,” ಎಂದು ತಾವೇ ತೆರೆದರು.

ಸಂಗೀತ ಕೇಳಿತು. ನಿವೃತ್ತರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರ್ದೇಶಕರು ತಮ್ಮ ಸ್ಲೈಡುಗಳನ್ನು ಕೊನೆಯವರೆಗೂ ನಿಂತು ನೋಡಿದರು. ಕಣ್ಣಲ್ಲಿ ನೀರಿತ್ತು. “ಚೆನ್ನಾಗಿ ಬರೆದಿದಾರೆ,” ಎಂದರು. ಅಷ್ಟರಲ್ಲಿ ಗಡಿಯಾರಗಳು ಮುಗಿದಿದ್ದವು. ಅವರು ಭಾವಮೈದುನನಿಗೆ ಫೋನ್ ಮಾಡಿ ಇನ್ನೊಂದು ಲಾರಿ ತರಿಸಲು ಹೇಳಿದರು.

ಪರೀಕ್ಷಕ ಮುಂದೆ ಬಂದ. “ಸಾರ್, ಪಟ್ಟಿ ಖಾಲಿಯಾಯ್ತು. ಇನ್ನು ಮ್ಯಾಕ್ರೊಗೆ ಹಿಡಿಯೋಕೆ ಹೆಸರಿಲ್ಲ. ಈಗ ತೆರೆದ್ರೆ ಕಡತ ಸುಮ್ಮನೆ ತೆರ್ಕೊಳ್ಳುತ್ತೆ. ಎಲ್ಲರದೂ ಅಳಿಸಿಬಿಡಬಹುದು.”

ತೆರೆದು ನೋಡಿದರು. ನಿಜ. ಕಡತ ಹಸುವಿನಂತೆ ಸುಮ್ಮನಿತ್ತು.

“ಅಳಿಸಬಹುದು,” ಎಂದರು ನಿರ್ದೇಶಕರು. “ಆದ್ರೆ ಅಳಿಸೋಕೆ ಸೇವೆಯಲ್ಲಿರೋ ಅಧಿಕಾರಿಯ ಆದೇಶ ಬೇಕು. ಇಲ್ಲಿ ಸೇವೆಯಲ್ಲಿ ಇರೋರು ಯಾರು?”

ಗೇಟಿನ ವಾಚ್‌ಮನ್ ಇದ್ದ, ಆದರೆ ಅವನು ಗುತ್ತಿಗೆಯವನು.

ಶುಕ್ರವಾರ ಬೆಳಿಗ್ಗೆ ಇನ್ನೊಂದು ತೊಡಕು ಎದ್ದಿತು. ಇಡೀ ಕಚೇರಿ ಬೆಂಚಿನ ಮೇಲೆ ಕುಳಿತಿತ್ತು. ನಿರ್ದೇಶಕರ ಕುರ್ಚಿ ಖಾಲಿ. ಯಾರಾದರೂ ಕೂರಲೇಬೇಕು. ಅಧೀಕ್ಷಕಿ ನಿಯಮಗಳ ಪುಸ್ತಕ ತಿರುವಿ ಓದಿದರು: ‘ಸೇವೆಯಲ್ಲಿ ಯಾರೂ ಇಲ್ಲದಾಗ ನಿವೃತ್ತರಲ್ಲಿ ಜ್ಯೇಷ್ಠರು ಮುಖ್ಯಸ್ಥರ ಕುರ್ಚಿಯಲ್ಲಿ ಕೂರತಕ್ಕದ್ದು. ಜ್ಯೇಷ್ಠತೆಯನ್ನು ನಿವೃತ್ತಿಯ ದಿನಾಂಕದಿಂದ ಎಣಿಸತಕ್ಕದ್ದು.’

“ಹಾಗಾದ್ರೆ ಮೊದಲು ನಿವೃತ್ತಿಯಾದೋರು ಯಾರು?” ಎಂದು ಗುಮಾಸ್ತ ಕೇಳಿದ. ಕೇಳುವಾಗಲೇ ಅವನ ಮುಖ ಸಪ್ಪಗಾಯಿತು. ಅವನು ಎರಡನೆಯವನು.

ಕಳೆದ ತಿಂಗಳೇ ನಿವೃತ್ತರಾಗಿದ್ದ ಉಗ್ರಾಣದ ಹಿರಿಯರಿಗೆ ಮೊದಲು ಫೋನ್ ಮಾಡಿದರು. “ನನ್ನನ್ನ ಬಿಟ್ಟುಬಿಡ್ರಪ್ಪಾ,” ಎಂದು ಅವರು ಫೋನ್ ಇಟ್ಟರು. ಹೀಗೆ ತಕ್ಕಡಿ ಪರೀಕ್ಷಕ ಕಚೇರಿಯ ಹಿರಿಯನಾದ. ಹಳೆಯ ನಿರ್ದೇಶಕರು ಕುರ್ಚಿಯ ಧೂಳು ಕೊಡವಿ, “ಕೂತ್ಕೊಳ್ಳಿ ಸಾರ್,” ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಯಮವೆಂದರೆ ಅವರಿಗೆ ನಿಯಮ.

ಗಾರ್ಡ್ ಹೇಳಿದ ಹೊತ್ತಿಗೇ ಬಂದರು. ಕೋಣೆಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಅದರಲ್ಲಿ ಬೆವರುತ್ತಿದ್ದ ಹುಡುಗನನ್ನು ನೋಡಿದರು. ಪಕ್ಕದಲ್ಲಿ ತಲೆ ನರೆತ ಹಳೆಯ ನಿರ್ದೇಶಕರು ಕೈಕಟ್ಟಿ ನಿಂತಿದ್ದರು.

“ತಕ್ಕಡಿ ನೋಡೋರು ಅಂದಿದ್ರಿ?”

ಪರೀಕ್ಷಕನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಹೌದು. ಈಗ ನಿವೃತ್ತಿ ಆಗಿದೆ. ಇಲ್ಲಿ ಎಲ್ರಿಗೂ ಆಗಿದೆ. ನನಗೆ ಮೊದಲು ಆಗಿದ್ದಕ್ಕೆ ಇಲ್ಲಿ ಕೂರಿಸಿದಾರೆ.”

ಗಾರ್ಡ್ ಎದುರಿಗೆ ಕುಳಿತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನಿವೃತ್ತಿ ಆದೋರನ್ನ ವರ್ಗ ಮಾಡ್ತಾರಾ?”

“ಇಲ್ಲ.”

“ಅಮಾನತು?”

“ಅದಕ್ಕೆ ಅವಕಾಶ ಇಲ್ಲ,” ಎಂದರು ಹಳೆಯ ನಿರ್ದೇಶಕರು.

“ಕೆಲಸದಿಂದ ತೆಗೆಯೋದು?”

“ಕೆಲಸದಲ್ಲಿ ಇದ್ರೆ ತಾನೇ ತೆಗೆಯೋದು?” ಎಂದರು ಅಧೀಕ್ಷಕಿ ಬಾಗಿಲಿನಿಂದ.

“ಸಂಬಳ?”

ಎಲ್ಲರೂ ಕಿಟಕಿಯ ಕಡೆ ನೋಡಿದರು. ಗಾರ್ಡ್‌ಗೆ ಅರ್ಥವಾಯಿತು. ಅವರು ಎದ್ದು ಹುಡುಗನ ಎರಡೂ ಕೈ ಹಿಡಿದುಕೊಂಡರು. “ಇಷ್ಟು ಭದ್ರವಾದ ಕೆಲಸ ನಾನು ಎಲ್ಲೂ ಕಂಡಿಲ್ಲಪ್ಪಾ. ದಿನ ಗೊತ್ತು ಮಾಡೋಣ. ಮತ್ತೆ ನಮ್ಮ ದೊಡ್ಡ ಅಳಿಯಂಗೂ ಇಲ್ಲೊಂದು ನಿವೃತ್ತಿ ಕೊಡಿಸೋಕಾಗುತ್ತಾ ನೋಡು.”

ಅವರು ಹೋದ ಮೇಲೆ ಪರೀಕ್ಷಕ ಒಬ್ಬನೇ ಕಡತ ತೆರೆದ. ಅದು ಸುಮ್ಮನೆ ತೆರೆದುಕೊಂಡಿತು. ಹೆಸರುಗಳು, ಮುಂದೆ ‘ಬೀಳ್ಕೊಡಲಾಗಿದೆ’. ಎಲ್ಲವನ್ನೂ ಆರಿಸಿ ಒಂದು ಕೀಲಿ ಒತ್ತಿದರೆ ಸಾಕು. ಈಗ ಬೇಡವೆನ್ನಲು ಯಾರೂ ಇರಲಿಲ್ಲ. ಒತ್ತಿದರೆ ಅವನು ಮತ್ತೆ ಬಾಗಿಲ ಪಕ್ಕದ ಮೇಜಿನವನು, ವರ್ಗವಾಗಬಲ್ಲವನು, ಅಮಾನತಾಗಬಲ್ಲವನು. ಅವನ ಬೆರಳು ಕೀಲಿಯ ಮೇಲೆ ಸ್ವಲ್ಪ ಹೊತ್ತು ಇತ್ತು. ಕೈಯಲ್ಲಿ ಭಾವಿ ಮಾವನವರ ಹಿಡಿತದ ಬಿಸಿ ಇನ್ನೂ ಇತ್ತು.

ಅವನು ಕಡತ ಮುಚ್ಚಿ ಸುತ್ತೋಲೆ ಬರೆದ: ‘ಸದರಿ ಕಡತವು ಈಗ ಸರಿಯಾಗಿದೆ. ಅದನ್ನು ಯಾರೂ ತಿದ್ದತಕ್ಕದ್ದಲ್ಲ.’

ಆಮೇಲೆ ಹಜಾರದಲ್ಲಿ ಮತ್ತೆ ತಕ್ಕಡಿಗಳು ಬರತೊಡಗಿದವು. ಬಾಗಿಲ ಪಕ್ಕದ ಮೇಜಿಗೆ ಹೊಸ ಪರೀಕ್ಷಕಿಯೊಬ್ಬಳು ನೇಮಕಗೊಂಡಳು. ಹಾಜರಾದ ದಿನ ಅಧೀಕ್ಷಕಿ ಅವಳ ಹೆಸರನ್ನು ಪಟ್ಟಿಗೆ ಸೇರಿಸಿ, ಉಳಿಸಿ, ಮುಚ್ಚಿ, ಮತ್ತೆ ತೆರೆದರು. ಸಂಗೀತ ಕೇಳಿತು. ‘ತಲೆ ನರೆತರೂ ಇವರ ಉತ್ಸಾಹ ನರೆಯಲಿಲ್ಲ.’ ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳಿಗೆ ಗಡಿಯಾರ ಕೊಟ್ಟು ಬೆಂಚು ತೋರಿಸಿದರು.

“ಮೇಡಂ, ಇವತ್ತು ಸ್ವಾಗತ ಅಲ್ವಾ?” ಎಂದು ಅವಳು ಕೇಳಿದಳು.

“ಎರಡೂ ಒಂದೇ ಟೀನಲ್ಲಿ ಮುಗಿಸ್ತೀವಿ ಕಣಮ್ಮ,” ಎಂದರು ಅಧೀಕ್ಷಕಿ. “ಉಳಿತಾಯ.”

ಅವಳು ಟೀ ಕುಡಿದು, ಗಡಿಯಾರವನ್ನು ಬೆಂಚಿನ ಕೆಳಗಿಟ್ಟು, ಮೊದಲ ತಕ್ಕಡಿಯನ್ನು ಎತ್ತಿಕೊಂಡಳು.