ಕಡಲಕಿವಿಯ ಮೂರನೆಯ ಮಹಡಿ

ಜೂಝಾ ಚಹಾದ ಕೊನೆಯ ಗುಟುಕನ್ನು ಕುಡಿಯುವುದಿಲ್ಲ. ಇದು ಇರ್ದುಮ್ ಹಳ್ಳಿಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಬೆಳಿಗ್ಗೆ ಏಳಕ್ಕೆ ಉಪ್ಪಿನ ಮಳಿಗೆಯ ಬಾಗಿಲು ತೆಗೆದು, ಕುರ್ಚಿಯನ್ನು ಹೊರಗೆಳೆದು, ಗಾಜಿನ ಲೋಟದಲ್ಲಿ ಡಬ್ಬಿ ಹಾಲಿನ ಚಹಾ ಕುಡಿದು, ತಳದಲ್ಲಿ ಎರಡು ಬೆರಳಷ್ಟು ಉಳಿಸಿ, ಅದನ್ನು ಎದುರಿನ ಬಂಡೆಯ ಬಿರುಕಿಗೆ ಸುರಿಯುತ್ತಾಳೆ. ಬಿರುಕಿನಲ್ಲಿ ಒಂದು ಕಡಲಕಿವಿ ಗಿಡವಿದೆ. ಚಹಾ ಗಿಡಕ್ಕೆ ಒಳ್ಳೆಯದಲ್ಲವೆಂದು ಯಾರೋ ಹೇಳಿದ್ದರು. ಆದರೆ ಎದುರಿಗೆ ಕೂತವರಿಗೆ ಕೊಡದೆ ತಾನೊಬ್ಬಳೇ ಕುಡಿಯುವುದು ಜೂಝಾಳ ಮನೆತನದಲ್ಲಿ ಇಲ್ಲ.

ಕಡಲಕಿವಿ ದಪ್ಪ ಎಲೆಯ ಕುಳ್ಳ ಗಿಡ. ಬೇಸಿಗೆಯಲ್ಲಿ ನೇರಳೆ ಹೂ ಬಿಡುತ್ತದೆ. ಸೇವಂತಿಗೆಯ ದೂರದ ನೆಂಟ. ಮಾಲ್ಟಾದ ಸುಣ್ಣಕಲ್ಲಿನ ಕಡಲಂಚು ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ರಾಷ್ಟ್ರೀಯ ಸಸ್ಯವಾದ್ದರಿಂದ ಶಾಲೆಯ ಪುಸ್ತಕದಲ್ಲಿ ಅದರ ಚಿತ್ರವಿದೆ. ಹೀಗಾಗಿ ನಿಜವಾದ ಗಿಡವನ್ನು ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಇರ್ದುಮ್‌ನ ಬಂಡೆಗಳ ಮೇಲೆ ಉಳಿದಿದ್ದುದು ಇದೊಂದೇ.

ಆ ವರ್ಷ ಸ್ಪೀರು ಸಾಹುಕಾರರ ಗಣಿಯ ಲಾರಿಗಳು ಜೂಝಾಳ ಮಳಿಗೆಯ ಮುಂದೆ ಬಂದು ತಿರುಗಿಕೊಳ್ಳತೊಡಗಿದವು. ಅಷ್ಟು ಅಗಲದ ಜಾಗ ಆ ರಸ್ತೆಯಲ್ಲಿ ಬೇರೆಲ್ಲೂ ಇರಲಿಲ್ಲ. ಈಸ್ಟರ್ ಹಬ್ಬದ ದಿನ ಹಿಂದಿನ ಚಕ್ರಕ್ಕೂ ಗಿಡಕ್ಕೂ ನಾಲ್ಕು ಗೇಣು ಅಂತರವಿತ್ತು. ಹತ್ತು ದಿನ ಕಳೆಯುವುದರೊಳಗೆ ಎರಡು ಗೇಣಾಯಿತು. ಜೂಝಾ ಶಾಲು ಹೊದ್ದು ಕರಾವಳಿ ನಿರ್ಮಾಣ ಮತ್ತು ಅನಿರ್ಮಾಣ ಮಂಡಳಿಗೆ ಹೋದಳು.

ಮಂಡಳಿಯ ನಿರ್ಮಾಣ ವಿಭಾಗ ಮೂರು ಅಂತಸ್ತುಗಳಲ್ಲಿ ಹರಡಿಕೊಂಡಿದೆ. ಅನಿರ್ಮಾಣ ವಿಭಾಗಕ್ಕೆ ಬಾಗಿಲೊಂದಿದೆ, ಕೋಣೆಯನ್ನು ಇನ್ನೂ ಕಟ್ಟಿಲ್ಲ. ಕಟ್ಟುವುದು ಆ ವಿಭಾಗದ ಧ್ಯೇಯಕ್ಕೆ ವಿರುದ್ಧವಾದ್ದರಿಂದ ಯಾರೂ ಒತ್ತಾಯಿಸಿಲ್ಲ. ಗುಮಾಸ್ತ ವಿಸ್ತಿನ್, ಜೂಝಾಳ ಅಕ್ಕನ ಮಗ, ಪಸ್ತಿತ್ಸಿ ಎಂಬ ಗರಿಗರಿ ಪದರಗಡುಬು ತಿನ್ನುತ್ತ, ಮೇಜಿನ ಮೇಲೆ ಅದರ ಪುಡಿ ಉದುರಿಸುತ್ತ ಕೂತಿದ್ದ.

"ಏನ್ ಚಿಕ್ಕಮ್ಮ, ಇಷ್ಟು ದೂರ?"

"ಎರಡು ಕಲ್ಲು ಬೇಕಿತ್ತು ಮಗಾ. ಗಿಡದ ಮುಂದೆ ಇಡೋಕೆ. ಲಾರಿ ಹತ್ತುತ್ತೆ ಅದರ ಮೇಲೆ."

"ನೀವೇ ಇಟ್ಟೀರಾ, ಜೋಕೆ! ಕಡಲಂಚಲ್ಲಿ ಕಲ್ಲಿಟ್ಟರೆ ನಿರ್ಮಾಣ. ನಮ್ಮೂರ ಕಾರ್ಮ್ನು ಖಾಲಿ ಹೂವಿನ ಕುಂಡ ಇಟ್ಟಿದ್ದಕ್ಕೆ ಇನ್ನೂ ದಂಡ ಕಟ್ತಿದಾನೆ."

"ಅದಕ್ಕೇ ಕೇಳೋಕೆ ಬಂದೆ. ನೀವೇ ಇಡಿ."

ವಿಸ್ತಿನ್ ಎಲ್ಲ ಖಾನೆಗಳನ್ನೂ ತಡಕಿದ. "ಗಿಡಕ್ಕೆ ಅಂತ ಫಾರಂ ಇಲ್ಲ ಚಿಕ್ಕಮ್ಮ. ಕಟ್ಟಡಕ್ಕೆ ಇದೆ. ಅದನ್ನೇ ತುಂಬಿಬಿಡೋಣ, ನಿಮ್ಮ ಕೆಲಸ ಆಗೋದು ಮುಖ್ಯ."

ಹೀಗೆ, ಸಂಪೂರ್ಣ ಸದುದ್ದೇಶದಿಂದ, ಕಡಲಕಿವಿ ಕಟ್ಟಡವಾಯಿತು. ಎತ್ತರ: ನಲವತ್ತೆರಡು ಸೆಂಟಿಮೀಟರ್. ಅಡಿಪಾಯ: ಬಂಡೆ. ನಿವಾಸಿಗಳು: ಇರುವೆಗಳು, ಆಗಾಗ. ಕಟ್ಟಿದವರು ಯಾರು ಎಂಬಲ್ಲಿ ಜೂಝಾ "ದೇವರು" ಅಂದಳು. ವಿಸ್ತಿನ್ "ಗುತ್ತಿಗೆದಾರರು ಹಳಬರು, ವಿಳಾಸ ಲಭ್ಯವಿಲ್ಲ" ಎಂದು ಬರೆದ.

ಎಂಟೇ ದಿನಕ್ಕೆ ಉತ್ತರ ಬಂತು. ಮಂಡಳಿಯ ಇತಿಹಾಸದಲ್ಲೇ ಇಷ್ಟು ಚುರುಕು ಕಂಡವರಿಲ್ಲ.

"ಮೇಲ್ಕಂಡ ಕಟ್ಟಡವು ಯಾವುದೇ ಪರವಾನಗಿಯಿಲ್ಲದೆ ನಿರ್ಮಾಣಗೊಂಡು, ಈಗಲೂ ಮುಂದುವರಿಯುತ್ತಿರುವುದು ಪರಿವೀಕ್ಷಣೆಯಲ್ಲಿ ಕಂಡುಬಂದಿದೆ. ಅರವತ್ತು ದಿನಗಳೊಳಗೆ ಸಕ್ರಮಗೊಳಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ನೆಲಸಮ ಮಾಡಲಾಗುವುದು. ಅಲ್ಲಿಯವರೆಗೆ ಕಟ್ಟಡವು ಬೆಳೆಯಕೂಡದು."

ಜೂಝಾ ಅದನ್ನು ಗಿಡಕ್ಕೆ ಓದಿ ಹೇಳಿದಳು. ಗಿಡ ಪಾಲಿಸಲಿಲ್ಲ. ಮೇ ತಿಂಗಳ ಮೊದಲ ಮೊಗ್ಗು ಅದೇ ವಾರ ಬಂತು.

ಈ ದ್ವೀಪಗಳಲ್ಲಿ ಮೊದಲು ಕಟ್ಟಿ ಆಮೇಲೆ ಕೇಳುವುದು ಮರ್ಯಾದಸ್ಥರ ಕ್ರಮವಾದ್ದರಿಂದ ಜೂಝಾಳಿಗೆ ಅವಮಾನವೇನೂ ಆಗಲಿಲ್ಲ. ಸಕ್ರಮಕ್ಕೆ ನಕ್ಷೆ ಬೇಕು, ನಕ್ಷೆಗೆ ಪೆರಿಟ್ ಬೇಕು. ನಕ್ಷೆ ಬರೆದು ಸಹಿ ಹಾಕುವವರನ್ನು ಅಲ್ಲಿ ಪೆರಿಟ್ ಎನ್ನುತ್ತಾರೆ. ಡಾಕ್ಟರರಿಗೆ ಡಾಕ್ಟರ್ ಅಂದ ಹಾಗೆ ಅವರನ್ನೂ ಹಾಗೇ ಕರೆಯುತ್ತಾರೆ. ಪೆರಿಟ್ ನಾರ್ದು ಟೇಪು ಹಿಡಿದು ಬಂದು ಬಂಡೆಯ ಮೇಲೆ ಮಂಡಿಯೂರಿದರು.

"ಚರಂಡಿ ವ್ಯವಸ್ಥೆ?"

"ಮಳೆ ಬಂದ್ರೆ ಹರಿದುಹೋಗುತ್ತೆ, ಪೆರಿಟ್."

"ಬೆಳಕಿಂಡಿ? ಗಾಳಿ?"

"ಗಾಳಿ ಬೇಕಾದಷ್ಟಿದೆ. ನಿಮ್ಮ ಟೋಪಿ ಹಿಡ್ಕೊಳ್ಳಿ."

ಟೋಪಿ ಹಿಡಿದುಕೊಂಡೇ ಪೆರಿಟರು ಎಣಿಸಿದರು. ಕಾಂಡ ಮತ್ತು ಎಲೆ ಸೇರಿ ನೆಲಮಹಡಿ. ಅದರ ಮೇಲೆ ಹೂವಿನ ಒಂದೊಂದು ಸಾಲಿಗೂ ಒಂದೊಂದು ಮಹಡಿ. "ಸದ್ಯಕ್ಕೆ ಎರಡು ಮಹಡಿ ಅಂತ ಹಾಕ್ತೀನಿ. ಮೂರನೇದು ಬಂದ್ರೆ ತಿದ್ದುಪಡಿ."

"ಆ ಎರಡು ಕಲ್ಲು, ಪೆರಿಟ್?"

"ಕಟ್ಟಡವೇ ಅಕ್ರಮ ಇರುವಾಗ ಕಾಂಪೌಂಡಿಗೆ ಹೇಗಮ್ಮ ಅರ್ಜಿ ಹಾಕೋದು? ವಿಚಾರಣೆಯಲ್ಲಿ ನೀವೇ ಕೇಳಿ."

ವಿಚಾರಣೆ ಜೂನ್ ಹದಿನಾಲ್ಕರಂದು, ಇಗರ್ಜಿಯ ಗಡಿಯಾರದಲ್ಲಿ ಹತ್ತು ಗಂಟೆಗೆ ಎಂದು ನೋಟಿಸು ಹೇಳಿತ್ತು. ಇಗರ್ಜಿಗೆ ಎರಡು ಗೋಪುರ, ಎರಡು ಗಡಿಯಾರ. ಒಂದು ಸರಿಯಾದದ್ದು. ಇನ್ನೊಂದು, ಜನ ಪೂಜೆಗೆ ಸೇರುವ ಹೊತ್ತು ಸೈತಾನನಿಗೆ ತಿಳಿಯದಿರಲೆಂದು ಹಿಂದಿನವರು ಬೇಕೆಂದೇ ತಪ್ಪಾಗಿ ಇಟ್ಟದ್ದು. ಜೂಝಾ ಸರಿಯಾದ ಗಡಿಯಾರ ನೋಡಿಕೊಂಡು, ಎರಡು ಕಲ್ಲಿನ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಹೋದಳು. ಸಭೆ ಮುಗಿದು ಎರಡು ತಾಸಾಗಿತ್ತು. ಕುರ್ಚಿಗಳನ್ನು ಜೋಡಿಸಿಡುತ್ತಿದ್ದರು.

"ನೋಟಿಸಲ್ಲಿ ಯಾವ ಗಡಿಯಾರ ಅಂತ ಬರೆದಿರಲಿಲ್ಲವಲ್ಲಮ್ಮ," ಅಂದರು ಕಾರ್ಯದರ್ಶಿ. "ಮಂಡಳಿಯ ಎಲ್ಲ ಸಭೆಗಳೂ ಎಡಗೋಪುರದ್ದರಲ್ಲೇ ನಡೆಯೋದು."

"ಅದು ಸೈತಾನನ ಗಡಿಯಾರ ಅಲ್ವಾ?"

"ಸ್ಪೀರು ಸಾಹುಕಾರರು ಸರಿಯಾಗಿ ಬಂದಿದ್ದರು," ಅಂದರು ಕಾರ್ಯದರ್ಶಿ.

ಸಾಹುಕಾರರು ಬಂದದ್ದು ಗಿಡದ ಪರವಾಗಿ ಮಾತಾಡಲು. ಕಣ್ಣು ಒರೆಸಿಕೊಂಡು ಮಾತಾಡಿದರಂತೆ. ಸಕ್ರಮಪತ್ರ ಸಿದ್ಧವಾಗಿತ್ತು. ಜೂಝಾ ಅದಕ್ಕೆ ಕಟ್ಟು ಹಾಕಿಸಿ, ಮಳಿಗೆಯಲ್ಲಿ ಸಂತ ಅನ್ನಳ ಚಿತ್ರದ ಪಕ್ಕ ತೂಗುಹಾಕಿದಳು.

ಸಾಹುಕಾರರ ಕಣ್ಣೀರಿಗೆ ಕಾರಣ ಆಮೇಲೆ ತಿಳಿಯಿತು. ಕಟ್ಟಡವಿಲ್ಲದ ಕಡಲಂಚಿನಲ್ಲಿ ಕಟ್ಟಡ ಕಟ್ಟಕೂಡದು ಎಂಬುದು ಕಟ್ಟುನಿಟ್ಟಿನ ಕಾನೂನು. ಜೂಝಾಳ ಮಳಿಗೆ ಬಂಡೆಯೊಳಗೆ ಕೊರೆದ ಗುಹೆ, ಲೆಕ್ಕಕ್ಕಿಲ್ಲ. ಈಗ ಅಲ್ಲಿ ಎರಡು ಮಹಡಿಯ ಸಕ್ರಮ ಕಟ್ಟಡವೊಂದು ಇರುವುದರಿಂದ ಅದು ವಾಸದ ಪ್ರದೇಶ. ವಾಸದ ಪ್ರದೇಶದಲ್ಲಿ ನೆರೆಯವರೆಷ್ಟು ಮಹಡಿ ಎತ್ತಿದ್ದಾರೋ ಅಷ್ಟನ್ನು ಎತ್ತುವುದು ಪ್ರತಿಯೊಬ್ಬ ಪ್ರಜೆಯ ಹಕ್ಕು. ನಿಯಮದಲ್ಲಿ ಮಹಡಿಯ ಸಂಖ್ಯೆ ಇದೆ, ಅಳತೆ ಇಲ್ಲ. ಸಾಹುಕಾರರು ಗಿಡದ ಪಕ್ಕದಲ್ಲೇ 'ಕಡಲಕಿವಿ ನಿವಾಸ' ಎಂಬ ವಸತಿ ಸಮುಚ್ಚಯಕ್ಕೆ ಅರ್ಜಿ ಹಾಕಿದರು.

ಜುಲೈಯಲ್ಲಿ ಗಿಡ ಇನ್ನೊಂದು ಸಾಲು ಹೂ ಬಿಟ್ಟಿತು. ಪೆರಿಟ್ ನಾರ್ದು ಓಡಿಬಂದು ಅಳೆದು ಮೂರನೆಯ ಮಹಡಿಗೆ ತಿದ್ದುಪಡಿ ಹಾಕಿದರು. ಈಗ ಅವರಿಗೆ ಸಂಬಳ ಸಾಹುಕಾರರದು. ನಕ್ಷೆಯಲ್ಲಿ ನಿವಾಸವೂ ಮೂರು ಮಹಡಿಯಾಯಿತು. ಗಿಡಕ್ಕೆ ದಿನಾ ಬೆಳಿಗ್ಗೆ ನೀರುಣಿಸಲು ಸಾಹುಕಾರರು ಗ್ರೆಟ್ಸು ಎಂಬ ಮುದುಕನನ್ನು ನೇಮಿಸಿದರು.

"ಇನ್ನೊಂದ್ ಸಾಲು ಬಿಡೋ ಹಾಗಿದೆಯಾ, ಜೂಝಾ?" ಎಂದು ಅವನು ದಿನಾ ಕೇಳುವನು. "ಸಾಹುಕಾರ್ರು ನಾಲ್ಕನೇ ಮಹಡಿ ಮುಂಗಡ ಮಾರಿಬಿಟ್ಟಿದಾರೆ. ನಿನ್ ಚಹಾದಲ್ಲಿ ಏನಾದ್ರೂ ಇದ್ರೆ ಇನ್ನೊಂಚೂರು ಹಾಕವ್ವ."

ಊರು ಕಣ್ಣುಬಿಟ್ಟಿತು. ಇಗರ್ಜಿಯ ಹಬ್ಬಕ್ಕೆ ವಾದ್ಯ ನುಡಿಸುವ ಬ್ಯಾಂಡ್ ಕ್ಲಬ್ಬಿನ ಅಧ್ಯಕ್ಷರು ತಮ್ಮ ಹಿತ್ತಲಿನ ಪಾಪಾಸುಕಳ್ಳಿಯನ್ನು ಸಕ್ರಮಗೊಳಿಸಿಕೊಂಡರು. ಒಂದರ ಮೇಲೊಂದು ಹನ್ನೊಂದು ಎಲೆ, ಹನ್ನೊಂದು ಮಹಡಿ, ಹಣ್ಣಿದ್ದ ಕಡೆಯಲ್ಲೆಲ್ಲ ಬಾಲ್ಕನಿ. ಎದುರಾಳಿ ಕ್ಲಬ್ಬಿನವರು ಹನ್ನೆರಡು ಎಲೆಯದನ್ನು ಹುಡುಕಿ ತಂದು ನೆಟ್ಟರು. ಕಾರ್ಮ್ನು ಮಾತ್ರ, ತನ್ನ ಕುಂಡದಲ್ಲಿ ಆಗ ಒಂದಾದರೂ ಗಿಡ ಇದ್ದಿದ್ದರೆ ಎಂದು ಕೊರಗುತ್ತಿದ್ದ.

ಆಗಸ್ಟಿನಲ್ಲಿ ಪಾದ್ರಿಗಳು ಬಂದು ನಿವಾಸದ ಅಡಿಗಲ್ಲಿಗೂ, ಗಿಡಕ್ಕೂ ಒಂದೇ ಬಟ್ಟಲಿನಿಂದ ಪವಿತ್ರ ಜಲ ಚಿಮುಕಿಸಿದರು. ಎಲ್ಲರಿಗೂ ಬಿಸಿ ಪಸ್ತಿತ್ಸಿ ಹಂಚಿದರು. ಭಾಷಣದಲ್ಲಿ ಸಾಹುಕಾರರು ಜೂಝಾಳನ್ನು ನೆರೆಯವರು ಎಂದು ಕರೆದರು. ಜೂಝಾಳಿಗೂ ಈಗ ಅಭ್ಯಾಸವಾಗಿತ್ತು. ಉಪ್ಪು ಕೊಳ್ಳಲು ಬರುವವರಿಗೆ ಅವಳೇ ದಾರಿ ಹೇಳುತ್ತಿದ್ದಳು: "ಮೂರು ಮಹಡಿದು ಕಾಣುತ್ತಲ್ಲ, ಅದರ ಎದುರು. ಅಲ್ಲಲ್ಲ, ಬೋರ್ಡಲ್ಲಿರೋ ದೊಡ್ಡದಲ್ಲ. ಹೂವಿರೋದು."

ಭಾಷಣ ಮುಗಿದ ಮೇಲೆ ಅವಳು ವಿಸ್ತಿನ್‌ನ ತೋಳು ಹಿಡಿದಳು. "ಈಗ ಸಕ್ರಮ ಆಯ್ತಲ್ಲಪ್ಪ. ಕಲ್ಲು?"

ವಿಸ್ತಿನ್ ಮುಜುಗರದಿಂದ ಬಾಯಿ ಒರೆಸಿಕೊಂಡ. "ಒಂದ್ ತೊಡಕಿದೆ ಚಿಕ್ಕಮ್ಮ. ಮೂರು ಮಹಡಿ ಕಟ್ಟಡ ಅಂದ್ಮೇಲೆ ಮೂರು ವಾಹನಕ್ಕೆ ಜಾಗ ಬಿಡಲೇಬೇಕು. ಕಟ್ಟಡಕ್ಕೆ ತಾಗಿದ ಹಾಗೆ. ಅಲ್ಲಿ ಕಲ್ಲಿಡೋದು ಅಪರಾಧ."

"ಗಿಡಕ್ಕೆ ವಾಹನ ಎಲ್ಲಿದೆಯೋ?"

"ಅದಕ್ಕೇ ಸಾಹುಕಾರ್ರು ದೊಡ್ಡ ಮನಸ್ಸು ಮಾಡಿ ಮೂರು ಲಾರಿ ಕೊಟ್ಟಿದಾರೆ."

ಮೊದಲನೆಯ ಲಾರಿ ಆಗಲೇ ಹಿಂದಕ್ಕೆ ಬರುತ್ತಿತ್ತು. ಗ್ರೆಟ್ಸು ಎರಡೂ ಕೈ ಬೀಸುತ್ತ "ಬಾ, ಬಾ, ಇನ್ನೂ ಬಾ" ಎನ್ನುತ್ತಿದ್ದ. ಚಕ್ರ ನಿಂತಾಗ ಜೂಝಾ ಬಗ್ಗಿ ಕೈಯಿಟ್ಟು ನೋಡಿದಳು. ನಾಲ್ಕು ಬೆರಳು. ಇನ್ನೆರಡು ಲಾರಿಗಳು ತಿರುವಿನಲ್ಲಿ ಕಾಯುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು.

ಜೂಝಾ ಕುರ್ಚಿಯನ್ನು ಎಳೆದುಕೊಂಡು ಬಂದಳು. ಚಕ್ರಕ್ಕೂ ಗಿಡಕ್ಕೂ ನಡುವೆ ಅದು ಹಿಡಿಸಲಿಲ್ಲ. ಪಕ್ಕಕ್ಕೆ ಇಟ್ಟು ಕೂತು, ಲೋಟದ ತಳದಲ್ಲಿ ಉಳಿದಿದ್ದ ಚಹಾವನ್ನು ಬಿರುಕಿಗೆ ಸುರಿದು ತಲೆ ಎತ್ತಿದಳು. ಮಂಡಳಿಯವರು, ಪೆರಿಟರು, ಪಾದ್ರಿಗಳು, ಸಾಹುಕಾರರು ಫೋಟೋಗೆಂದು ಗಿಡದ ಹಿಂದೆ ಸಾಲಾಗಿ ನಿಂತು, ಕ್ಯಾಮೆರಾದ ಕಡೆಗೆ ನಗುತ್ತಿದ್ದರು.

"ದೊಡ್ಡ ಕಲ್ಲೇ ಆಗಬೇಕಂತಿಲ್ಲ," ಅಂದಳು ಜೂಝಾ. "ಸಣ್ಣದಾದ್ರೂ ಸರಿ. ಎರಡು ಇಲ್ದಿದ್ರೆ ಒಂದೇ ಒಂದು ಇಡ್ತೀರಾ?"